ನಿಷ್ಠೆಯ ಲೆಕ್ಕ ಕೇಳಬೇಕಾದದ್ದು ಯಾರನ್ನು?

2005ರಲ್ಲಿ ರಾಚ್‌ಡೇಲ್ ಎಂಬ ಕ್ಲಬ್ ಇಂಗ್ಲೆಂಡಿನ ಲೀಗ್ ಫುಟ್‌ಬಾಲ್‌ನ ನಾಲ್ಕನೆಯ, ಅಂದರೆ ಕಟ್ಟಕಡೆಯ ದರ್ಜೆಯಲ್ಲಿ ಆಡುತ್ತಿತ್ತು. ಮ್ಯಾಂಚೆಸ್ಟರಿನ ಮಗ್ಗುಲಲ್ಲಿರುವ, ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಬದುಕಿದ ಊರು ಅದು. ಆ ತಂಡದ ಮುಂಚೂಣಿಯಲ್ಲಿ ಇಬ್ಬರು ಸ್ಟ್ರೈಕರ್‌ಗಳಿದ್ದರು. ಒಬ್ಬರು ಗ್ರ್ಯಾಂಟ್ ಹೋಲ್ಟ್. ಟೈರ್ ಕಾರ್ಖಾನೆಯಲ್ಲಿ ದುಡಿದು, ಸಿಂಗಪುರ, ಆಸ್ಟ್ರೇಲಿಯಾಗಳಲ್ಲಿ ಅದೃಷ್ಟ ಪರೀಕ್ಷಿಸಿ, ಲೀಗಿನ ಹೊರಗಿನ ಸಣ್ಣ ಕ್ಲಬ್ಬುಗಳಲ್ಲಿ ಆಡಿ ಬಂದವರು. ಇನ್ನೊಬ್ಬರು ರಿಕಿ ಲ್ಯಾಂಬರ್ಟ್. ಲಿವರ್‌ಪೂಲ್ ಕ್ಲಬ್ಬಿನ ಎಳೆಯರ ತಂಡದಿಂದ 15ನೇ ವಯಸ್ಸಿನಲ್ಲೇ ಹೊರಬಿದ್ದು, ಬ್ಲ್ಯಾಕ್‌ಪೂಲ್ ಕೂಡ ಕೈಬಿಟ್ಟ ಮೇಲೆ, ಬೀಟ್‌ರೂಟ್ ತುಂಬಿದ ಜಾಡಿಗಳಿಗೆ ಮುಚ್ಚಳ ತಿರುಗಿಸುವ ಕೂಲಿ ಮಾಡಿದವರು. ಏಳೆಂಟು ವರ್ಷ ಕಳೆಯುವಷ್ಟರಲ್ಲಿ ಇಬ್ಬರೂ ದೇಶದ ಅತ್ಯುನ್ನತ ದರ್ಜೆಯಾದ ಪ್ರೀಮಿಯರ್ ಲೀಗ್‌ನಲ್ಲಿದ್ದರು. 2011-12ರ ಋತುವಿನಲ್ಲಿ ಹೋಲ್ಟ್ ನಾರ್ವಿಚ್ ಪರ 15 ಗೋಲು ಹೊಡೆದರು. ಮರು ವರ್ಷ ಲ್ಯಾಂಬರ್ಟ್ ಸೌತಾಂಪ್ಟನ್ ಪರ ಹೊಡೆದದ್ದೂ ಸರಿಯಾಗಿ 15.

ಇಂಥ ಇಬ್ಬರು ಒಂದೇ ತಂಡದಲ್ಲಿ, ಒಬ್ಬರ ಪಕ್ಕ ಒಬ್ಬರು, ನಾಲ್ಕನೇ ದರ್ಜೆಯ ಕೆಸರಿನಲ್ಲಿ ಓಡುತ್ತಿದ್ದಾಗ ಆಟದ ಪಂಡಿತರು, ಪ್ರತಿಭೆ ಹುಡುಕುವವರು, ಕೋಟಿಗಟ್ಟಲೆ ಹಣ ಹಿಡಿದು ಕೂತ ಮಾಲೀಕರು ಎಲ್ಲಿದ್ದರು? ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆಯುವ ಆಟಗಾರನ ವಿಷಯ ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು ಈ ಪ್ರಶ್ನೆಯನ್ನಲ್ಲ. ಅವನು ಒಂದು ಕಡೆ ಏಕೆ ನಿಲ್ಲಲಿಲ್ಲ ಎಂದು ಕೇಳುತ್ತೇವೆ. ಹಣದ ಬೆನ್ನು ಹತ್ತಿದವನೇ, ಜಗಳಗಂಟನೇ, ಅಥವಾ ಆಟದಲ್ಲೇ ಅಷ್ಟಕ್ಕಷ್ಟೆಯೇ ಎಂದು ಊಹಿಸುತ್ತೇವೆ. ಒಂದೇ ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷ ಆಡಿದವನಿಗೆ ಪ್ರತಿಮೆ ನಿಲ್ಲಿಸುತ್ತೇವೆ. ಹತ್ತು ಕ್ಲಬ್ಬು ಕಂಡವನ ಹೆಸರು ರಸಪ್ರಶ್ನೆಗೆ ಸರಕಾಗುತ್ತದೆ.

ಈ ತೂಕ ಸರಿಯಲ್ಲ ಎಂಬುದು ನನ್ನ ವಾದ. ವೃತ್ತಿಪರ ಫುಟ್‌ಬಾಲ್‌ನಲ್ಲಿ ಒಂದೆಡೆ ನೆಲೆ ನಿಲ್ಲುವುದು ಬಹುಪಾಲು ಆಟಗಾರರ ಕೈಯಲ್ಲಿಲ್ಲ. ಅದು ಕ್ಲಬ್ ಕೊಡುವ ಸವಲತ್ತು, ಕೆಲವೇ ಕೆಲವರಿಗೆ ಸಿಗುವಂಥದ್ದು. ಸವಲತ್ತು ಸಿಕ್ಕವರ ನಿಷ್ಠೆಯನ್ನು ಹೊಗಳಿ, ಸಿಗದವರನ್ನು ನಿಷ್ಠೆಯಿಲ್ಲದವರೆಂದು ಎಣಿಸುವುದು ನೈತಿಕ ತೀರ್ಪಿನಂತೆ ಕಂಡರೂ ಅದರ ತಳದಲ್ಲಿರುವುದು ಮಾರುಕಟ್ಟೆಯ ತೀರ್ಪು.

ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ಮೊದಲ ನಾಲ್ಕು ದರ್ಜೆಗಳಲ್ಲಿ 92 ಕ್ಲಬ್ಬುಗಳಿವೆ. ಕೆಳಗಿನ ಎರಡು ದರ್ಜೆಗಳಲ್ಲಿ ಆಟಗಾರನ ಒಪ್ಪಂದ ಒಂದು ವರ್ಷದ್ದು, ಹೆಚ್ಚೆಂದರೆ ಎರಡು ವರ್ಷದ್ದು ಆಗಿರುವುದೇ ಹೆಚ್ಚು. ಮೇ ತಿಂಗಳಲ್ಲಿ ಋತು ಮುಗಿಯುತ್ತಿದ್ದಂತೆ ಪ್ರತಿ ಕ್ಲಬ್ಬೂ ಮುಂದಿನ ವರ್ಷಕ್ಕೆ ಯಾರನ್ನು ಉಳಿಸಿಕೊಳ್ಳುತ್ತದೆ, ಯಾರನ್ನು ಬಿಡುತ್ತದೆ ಎಂಬ ಪಟ್ಟಿ ಪ್ರಕಟಿಸುತ್ತದೆ. ಬಿಟ್ಟವರ ಒಪ್ಪಂದ ಜೂನ್ 30ಕ್ಕೆ ಮುಗಿಯುತ್ತದೆ. ಕೆಲವು ಒಪ್ಪಂದಗಳಲ್ಲಿ ಇನ್ನೊಂದು ವರ್ಷ ಮುಂದುವರಿಸುವ ಆಯ್ಕೆ ಕ್ಲಬ್ಬಿಗೆ ಮಾತ್ರ ಇರುತ್ತದೆ, ಆಟಗಾರನಿಗಿಲ್ಲ. ಬಾಡಿಗೆ ಮನೆ ಉಳಿಸಿಕೊಳ್ಳಬೇಕೇ, ಮಗುವನ್ನು ಅದೇ ಶಾಲೆಗೆ ಸೇರಿಸಬೇಕೇ ಎಂಬ ಸಂಗತಿಗಳೂ ಆ ಪಟ್ಟಿ ಬರುವ ತನಕ ತೀರ್ಮಾನವಾಗುವುದಿಲ್ಲ. ಆಮೇಲೆ ಅವನು ಬೇರೊಂದು ಊರಿನ ಅಂಗಿ ತೊಟ್ಟು ಆಡಲು ಬಂದಾಗ ಹಳೆಯ ಊರಿನ ಪ್ರೇಕ್ಷಕರು ಗೇಲಿ ಮಾಡುತ್ತಾರೆ. ಅವನು ಬಿಟ್ಟು ಹೋದನೋ, ಅವನನ್ನು ಬಿಡಲಾಯಿತೋ ಎಂಬುದು ಗ್ಯಾಲರಿಗೆ ನೆನಪಿರುವುದಿಲ್ಲ.

ಇದು ಎಲ್ಲ ಆಟಗಾರರ ಪಾಡು ನಿಜ. ಆದರೆ ಸ್ಟ್ರೈಕರ್‌ನ ಮಟ್ಟಿಗೆ ಇನ್ನೊಂದು ತೊಡಕಿದೆ. ಅವನ ಕೆಲಸ ಒಂದೇ ಅಂಕೆಯಲ್ಲಿ ಎಲ್ಲರಿಗೂ ಕಾಣುತ್ತದೆ. ರಕ್ಷಣಾ ಆಟಗಾರ ತಪ್ಪಿಸಿದ ಅಪಾಯಗಳನ್ನು ಯಾರೂ ಎಣಿಸಿ ಪತ್ರಿಕೆಯಲ್ಲಿ ಹಾಕುವುದಿಲ್ಲ. ಸ್ಟ್ರೈಕರ್ ಹೊಡೆದ ಗೋಲನ್ನು ಹಾಕುತ್ತಾರೆ. ಆದರೆ ಗೋಲು ಎಂಬುದು ತೀರಾ ಅಪರೂಪದ ಘಟನೆ. ಎರಡೂ ತಂಡ ಸೇರಿ ಒಂದು ಪಂದ್ಯದಲ್ಲಿ ಬರುವುದು ಸರಾಸರಿ ಎರಡೂವರೆಯಿಂದ ಮೂರು. ಅಪರೂಪದ ಘಟನೆಗಳನ್ನು ಹಿಡಿದು ಮನುಷ್ಯನನ್ನು ಅಳೆಯ ಹೊರಟರೆ ಆಕಸ್ಮಿಕವೇ ಅರ್ಧ ತೀರ್ಪು ಬರೆದಿರುತ್ತದೆ.

ಒಂದು ಸರಳ ಲೆಕ್ಕ ಹಾಕೋಣ. ಒಬ್ಬ ಸ್ಟ್ರೈಕರ್ ಗುರಿಯತ್ತ ಹೊಡೆಯುವ ಪ್ರತಿ ಹತ್ತು ಒದೆತಕ್ಕೆ ಒಂದು ಗೋಲಾಗುತ್ತದೆ ಎಂದುಕೊಳ್ಳಿ. ಇದು ಕಳಪೆ ಲೆಕ್ಕವೇನಲ್ಲ, ಸಾಧಾರಣವಾಗಿ ಕಾಣುವಂಥದ್ದೇ. ಪಂದ್ಯಕ್ಕೆ ಎರಡರಂತೆ ಹತ್ತು ಪಂದ್ಯಗಳಲ್ಲಿ ಅವನು 20 ಸಲ ಹೊಡೆದರೆ ಎರಡು ಗೋಲು ಬರಬೇಕು. ಆದರೆ ಇಪ್ಪತ್ತೂ ವಿಫಲವಾಗುವ ಸಂಭವ ಶೇ 12ರಷ್ಟಿದೆ. ಅಂದರೆ ಸರಿಸಮ ಸಾಮರ್ಥ್ಯದ ಎಂಟು ಸ್ಟ್ರೈಕರ್‌ಗಳಲ್ಲಿ ಒಬ್ಬ, ಯಾವ ತಪ್ಪೂ ಮಾಡದೆ, ಹತ್ತು ಪಂದ್ಯ ಬರಿಗೈಯಲ್ಲಿ ಮುಗಿಸುತ್ತಾನೆ. ಆ ಹತ್ತು ಪಂದ್ಯ ಮುಗಿಯುವುದಕ್ಕೆ ಎರಡೂವರೆ ತಿಂಗಳು ಬೇಕು. ಅಷ್ಟರೊಳಗೆ ಅವನು ಬೆಂಚಿಗೆ ಸರಿದಿರುತ್ತಾನೆ, ಕೋಚ್ ಕೆಲಸ ಕಳೆದುಕೊಂಡಿರುತ್ತಾರೆ, ಜನವರಿಯ ಟ್ರಾನ್ಸ್‌ಫರ್ ಅವಧಿ ತೆರೆದಿರುತ್ತದೆ. ಹೊಸ ಕೋಚ್ ತನಗೆ ಪರಿಚಯವಿರುವ ಸ್ಟ್ರೈಕರ್‌ನನ್ನು ತರುತ್ತಾರೆ. ಹಳಬ ಎರವಲಾಗಿ ಇನ್ನೊಂದು ಊರಿಗೆ ಹೋಗುತ್ತಾನೆ. ಕೆಳಹಂತಕ್ಕೆ ಇಳಿಯುವ ಭಯದಲ್ಲಿರುವ ಕ್ಲಬ್ಬು ಜನವರಿಯಲ್ಲಿ ಮೊದಲು ಹುಡುಕುವುದು ಗೋಲು ಹೊಡೆಯುವವನನ್ನೇ ಆದ್ದರಿಂದ, ಅತಿ ಹೆಚ್ಚು ಕೈಬದಲಾಗುವವನೂ ಅವನೇ.

ಇನ್ನು ಗೋಲು ಒಬ್ಬನ ಸ್ವಂತ ಆಸ್ತಿಯೂ ಅಲ್ಲ. ಅಂಚಿನಿಂದ ಚೆಂಡು ಎತ್ತಿ ಕೊಡುವವರಿದ್ದರೆ ಎತ್ತರದವನು ತಲೆಯಿಂದ ಹೊಡೆದಾನು. ನೆಲದ ಮೇಲೆ ಸಣ್ಣ ಪಾಸುಗಳಲ್ಲಿ ಆಡುವ ತಂಡದಲ್ಲಿ ಅದೇ ಎತ್ತರ ಹೊರೆಯಾದೀತು. ಲ್ಯಾಂಬರ್ಟ್ ಅವರ ದಾಖಲೆ ಇದಕ್ಕೆ ಒಳ್ಳೆಯ ಸಾಕ್ಷಿ. 2002ರಲ್ಲಿ ಸ್ಟಾಕ್‌ಪೋರ್ಟ್ ಅವರಿಗೆ 3 ಲಕ್ಷ ಪೌಂಡ್ ಕೊಟ್ಟಿತು. ಅಲ್ಲಿ 98 ಲೀಗ್ ಪಂದ್ಯಗಳಲ್ಲಿ ಬಂದದ್ದು 18 ಗೋಲು. ಆಗ ಅವರನ್ನು ಮಧ್ಯಭಾಗದಲ್ಲೂ ಆಡಿಸುತ್ತಿದ್ದರು. ರಾಚ್‌ಡೇಲ್‌ಗೆ ಬಂದು ಮುಂಚೂಣಿಯಲ್ಲಿ ನಿಂತ ಮೇಲೆ 64 ಪಂದ್ಯಕ್ಕೆ 28. ಬ್ರಿಸ್ಟಲ್ ರೋವರ್ಸ್‌ನಲ್ಲಿ 2008-09ರ ಒಂದೇ ಋತುವಿನಲ್ಲಿ 29 ಲೀಗ್ ಗೋಲು. ಸ್ಟಾಕ್‌ಪೋರ್ಟ್‌ನ ಅಂಕೆ ನೋಡಿ ತೀರ್ಪು ಕೊಟ್ಟವರು ಒಬ್ಬ ಆಟಗಾರನನ್ನು ಅಳೆದಿದ್ದೇವೆ ಎಂದುಕೊಂಡಿದ್ದರು. ಅವರು ಅಳೆದದ್ದು ಒಂದು ಹೊಂದಿಕೆಯನ್ನು.

2009ರ ಬೇಸಿಗೆಯಲ್ಲಿ ಸೌತಾಂಪ್ಟನ್ ಸುಮಾರು 10 ಲಕ್ಷ ಪೌಂಡ್ ತೆತ್ತು ಲ್ಯಾಂಬರ್ಟ್ ಅವರನ್ನು ತಂದಿತು. ಆ ಕ್ಲಬ್ಬು ದಿವಾಳಿಯ ಅಂಚಿಗೆ ಹೋಗಿ ಬಂದಿತ್ತು. ಮೂರನೇ ದರ್ಜೆಗೆ ಕುಸಿದಿತ್ತು. ಹತ್ತು ಅಂಕ ಕಡಿತದ ಶಿಕ್ಷೆಯೊಂದಿಗೆ ಋತು ಆರಂಭಿಸಿತ್ತು. ಕೋಚ್ ಅಲನ್ ಪಾರ್ಡ್ಯೂ ಲ್ಯಾಂಬರ್ಟ್ ಅವರಿಗೆ ಮೊದಲು ಹೇಳಿದ್ದು ಮೈತೂಕ ಇಳಿಸಿಕೊಳ್ಳಲು. ವಯಸ್ಸು ಆಗಲೇ 27. ಆ ವರ್ಷ ಲ್ಯಾಂಬರ್ಟ್ 30 ಲೀಗ್ ಗೋಲು ಹೊಡೆದರು. 2011ರಲ್ಲಿ ಒಂದು ಬಡ್ತಿ, 2012ರಲ್ಲಿ ಇನ್ನೊಂದು. ಐದು ವರ್ಷದಲ್ಲಿ 235 ಪಂದ್ಯ, 117 ಗೋಲು. ಈ ಅವಧಿಯಲ್ಲಿ ಅವರು 34 ಪೆನಾಲ್ಟಿ ಹೊಡೆದರು, 34ನ್ನೂ ಗೋಲಾಗಿಸಿದರು. ವೃತ್ತಿಪರರು ಕೂಡ ನಾಲ್ಕರಲ್ಲಿ ಒಂದನ್ನು ತಪ್ಪಿಸುವ ಒದೆತ ಅದು. 2013ರ ಆಗಸ್ಟ್ 14ರಂದು, 31ನೇ ವಯಸ್ಸಿನಲ್ಲಿ, ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡ್ ಪರ ಮೊದಲ ಸಲ ಕಣಕ್ಕಿಳಿದು, ಚೆಂಡು ಮೊದಲ ಸಲ ತಾಕಿದಾಗಲೇ ತಲೆಯಿಂದ ಗೋಲು ಹೊಡೆದು ಪಂದ್ಯ ಗೆದ್ದುಕೊಟ್ಟರು.

ಹೋಲ್ಟ್ ಅವರ ದಾರಿಯೂ ಇದಕ್ಕೆ ಸಮಾನಾಂತರ. ಅದೇ 2009ರ ಬೇಸಿಗೆಯಲ್ಲಿ, ಅದೇ ಮೂರನೇ ದರ್ಜೆಯಲ್ಲಿ ನಾರ್ವಿಚ್ ಅವರನ್ನು ಶ್ರೂಸ್‌ಬರಿಯಿಂದ ತಂದಿತು. ಮೊದಲ ಲೀಗ್ ಪಂದ್ಯದಲ್ಲಿ ತವರಿನಲ್ಲೇ 1-7ರಿಂದ ಸೋತ ತಂಡ, ಅವರ 24 ಲೀಗ್ ಗೋಲುಗಳ ಬಲದಿಂದ ಆ ವರ್ಷದ ಚಾಂಪಿಯನ್ ಆಯಿತು. ಮರುವರ್ಷ ಇನ್ನೊಂದು ಮೆಟ್ಟಿಲೇರಿ ಪ್ರೀಮಿಯರ್ ಲೀಗ್ ಸೇರಿತು. ಮೂರು ವರ್ಷ ಸತತವಾಗಿ ಅಲ್ಲಿನ ಅಭಿಮಾನಿಗಳು ಅವರನ್ನೇ ವರ್ಷದ ಆಟಗಾರನನ್ನಾಗಿ ಆರಿಸಿದರು. ಈ ಇಬ್ಬರು ‘ಅಲೆಮಾರಿ’ಗಳೂ ತಮ್ಮನ್ನು ನಂಬಿ ಉಳಿಸಿಕೊಂಡ ಕ್ಲಬ್ಬು ಸಿಕ್ಕಿದ ಕೂಡಲೇ ಬೇರು ಬಿಟ್ಟರು. ಅಲೆಯುವುದು ಅವರ ಸ್ವಭಾವವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಇಂಥ ಕಥೆಗಳನ್ನು ‘ಕಷ್ಟಪಟ್ಟರೆ ಫಲ ಉಂಟು’ ಎಂಬ ನೀತಿಪಾಠವಾಗಿ ಓದುವುದು ಸುಲಭ, ಹಾಗೆ ಓದಿದರೆ ವ್ಯವಸ್ಥೆಯ ತಪ್ಪೆಲ್ಲ ತೊಳೆದುಹೋಗುತ್ತದೆ. ರಾಚ್‌ಡೇಲ್‌ನಂಥ ಕ್ಲಬ್ಬುಗಳಲ್ಲಿ ಆ ಕಾಲಕ್ಕೆ ಅಷ್ಟೇ ಚೆನ್ನಾಗಿ ಆಡುತ್ತಿದ್ದು, ಯಾರ ಕಣ್ಣಿಗೂ ಬೀಳದೆ, ಮಂಡಿ ಮುರಿದು, 29ಕ್ಕೆ ಆಟ ನಿಲ್ಲಿಸಿದವರು ಇದ್ದೇ ಇದ್ದಾರೆ. ಅವರ ಹೆಸರು ನಮಗೆ ಗೊತ್ತಾಗುವ ದಾರಿಯೇ ಇಲ್ಲ. ಲ್ಯಾಂಬರ್ಟ್ ಕೊನೆಗೆ ಇಂಗ್ಲೆಂಡ್ ಪರ ಆಡಿದ್ದರಿಂದ ಅವರ ಅಲೆದಾಟಕ್ಕೆ ಬೆಲೆ ಬಂತು ಎಂದರೆ, ಆಡದವರ ಅಲೆದಾಟಕ್ಕೆ ಬೆಲೆಯಿಲ್ಲ ಎಂದಂತಾಯಿತು. ಬ್ರಿಸ್ಟಲ್ ರೋವರ್ಸ್‌ನ ಅಭಿಮಾನಿಗೆ ಅವರು ಅಲ್ಲಿ ಹೊಡೆದ ಗೋಲುಗಳ ಸಂತೋಷ ಪಡೆಯಲು 2013ರ ತನಕ ಕಾಯಬೇಕಾಗಿರಲಿಲ್ಲ. ಶನಿವಾರ ಮಧ್ಯಾಹ್ನ ಆರು ಸಾವಿರ ಜನರ ಮುಂದೆ ಹೊಡೆದ ಗೋಲು ಅಲ್ಲಿಗೇ ಪೂರ್ಣ.

ಲ್ಯಾಂಬರ್ಟ್ ಕಥೆಯ ಮುಂದಿನ ಅಧ್ಯಾಯವನ್ನು ನೀತಿಪಾಠ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 2014ರಲ್ಲಿ ಲಿವರ್‌ಪೂಲ್ ಅವರನ್ನು ಸುಮಾರು 40 ಲಕ್ಷ ಪೌಂಡಿಗೆ ಕೊಂಡಿತು. ಅದರ ಪಕ್ಕದ ಕರ್ಕ್‌ಬಿ ಎಂಬಲ್ಲಿ ಹುಟ್ಟಿ, ಆ ತಂಡವನ್ನೇ ಆರಾಧಿಸಿ ಬೆಳೆದು, 15ಕ್ಕೆ ಅಲ್ಲಿಂದಲೇ ಹೊರದಬ್ಬಿಸಿಕೊಂಡವರು 32ಕ್ಕೆ ಮರಳಿದರು. ಸಿನಿಮಾ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಡೆದದ್ದು ಬೇರೆ: ಹೆಚ್ಚಿನ ಪಂದ್ಯಗಳಲ್ಲಿ ಬೆಂಚು, ಲೀಗ್‌ನಲ್ಲಿ ಇಡೀ ವರ್ಷಕ್ಕೆ ಎರಡು ಗೋಲು. ಮರು ಬೇಸಿಗೆಗೆ ವೆಸ್ಟ್ ಬ್ರಾಮ್‌ವಿಚ್, ಅದರ ಮರುವರ್ಷ ಕಾರ್ಡಿಫ್, 2017ರಲ್ಲಿ ನಿವೃತ್ತಿ. ಹೃದಯದ ಮನೆ ಎಲ್ಲಿತ್ತೋ ಅಲ್ಲಿ ಆಟಕ್ಕೆ ಜಾಗವಿರಲಿಲ್ಲ. ಆಟಕ್ಕೆ ಜಾಗ ಸಿಕ್ಕಿದ್ದು ಯಾವ ಭಾವನಾತ್ಮಕ ನಂಟೂ ಇಲ್ಲದ ದಕ್ಷಿಣದ ಬಂದರು ನಗರ ಸೌತಾಂಪ್ಟನ್‌ನಲ್ಲಿ. ನಿಷ್ಠೆಯೆಂದರೆ ಹುಟ್ಟೂರಿನ ಕ್ಲಬ್ಬಿಗೆ ಅಂಟಿಕೊಳ್ಳುವುದು ಎಂಬ ಆದರ್ಶ ಇವರ ಬಾಳಿನಲ್ಲಿ ಎರಡು ಸಲ ಸೋತಿತು. ಎರಡು ಸಲವೂ ಸೋಲಿಸಿದ್ದು ಇವರಲ್ಲ.

‘ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ, ಆಟಗಾರರು ಜೀವಮಾನವಿಡೀ ಒಂದೇ ಅಂಗಿ ತೊಡುತ್ತಿದ್ದರು’ ಎಂಬ ಮಾತು ಕೇಳಿಬರುತ್ತದೆ. ಆ ಹಿಂದಿನ ಕಾಲವನ್ನೂ ಒಮ್ಮೆ ನೋಡೋಣ. ಪ್ರೆಸ್ಟನ್ ಕ್ಲಬ್ಬಿನ ಟಾಮ್ ಫಿನ್ನಿ 1946ರಿಂದ 1960ರ ತನಕ ಒಂದೇ ತಂಡಕ್ಕೆ ಆಡಿದ ಮಹಾನ್ ಫಾರ್ವರ್ಡ್. ಬಿಡುವಿನಲ್ಲಿ ಕೊಳಾಯಿ ಕೆಲಸ ಮಾಡುತ್ತಿದ್ದ ಸರಳ ಮನುಷ್ಯ. ನಿಷ್ಠೆಗೆ ಇನ್ನೊಂದು ಹೆಸರು. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ ಅವರಿಗೆ 10,000 ಪೌಂಡ್ ಕೈಗಿಟ್ಟು, ಮನೆ, ಕಾರು, ದೊಡ್ಡ ಸಂಬಳ ಕೊಡಲು ಮುಂದಾಯಿತು. ಇಂಗ್ಲೆಂಡಿನಲ್ಲಿ ಆಗ ಎಂಥ ಆಟಗಾರನಿಗೂ ವಾರಕ್ಕೆ ಇಂತಿಷ್ಟೇ ಎಂಬ ಗರಿಷ್ಠ ಮಿತಿಯಿತ್ತು. 1961ರಲ್ಲಿ ಅದು ರದ್ದಾಗುವಾಗಲೂ 20 ಪೌಂಡ್ ಮಾತ್ರ. ಪಲೆರ್ಮೊ ಕರೆಗೆ ಉತ್ತರ ಕೊಟ್ಟದ್ದು ಪ್ರೆಸ್ಟನ್‌ನ ಆಡಳಿತ: ಬಿಡುವುದಿಲ್ಲ. ಒಪ್ಪಂದ ಮುಗಿದರೂ ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಇರುತ್ತಿದ್ದ ಕಾಲ ಅದು. ಕ್ಲಬ್ ಒಪ್ಪದೆ ಬೇರೆ ಕಡೆ ಆಡುವಂತಿರಲಿಲ್ಲ. ಫಿನ್ನಿ ಪ್ರೆಸ್ಟನ್ನನ್ನು ಪ್ರೀತಿಸಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಬಾಗಿಲಿಗೆ ಬೀಗ ಹಾಕಿದ್ದಾಗ ಒಳಗಿದ್ದವರ ನಿಷ್ಠೆಯನ್ನು ಪರೀಕ್ಷಿಸಿದಂತೆ ಆಗುವುದಿಲ್ಲ.

ಆ ಬೀಗವನ್ನು ಮುರಿದದ್ದು ಎರಡು ಮೊಕದ್ದಮೆಗಳು. ನ್ಯೂಕಾಸಲ್ ತನ್ನನ್ನು ಬಿಡಲೊಪ್ಪದಾಗ ಜಾರ್ಜ್ ಈಸ್ಟ್‌ಹ್ಯಾಮ್ ನ್ಯಾಯಾಲಯಕ್ಕೆ ಹೋದರು. 1963ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಆ ಪದ್ಧತಿ ದುಡಿಯುವ ಹಕ್ಕಿಗೆ ಅನ್ಯಾಯವಾದ ಅಡ್ಡಿ ಎಂದಿತು. 1995ರ ಡಿಸೆಂಬರ್ 15ರಂದು, ಬೆಲ್ಜಿಯಂನ ಸಾಧಾರಣ ಆಟಗಾರ ಜಾನ್ ಮಾರ್ಕ್ ಬೊಸ್ಮಾನ್ ಹೂಡಿದ ಪ್ರಕರಣದಲ್ಲಿ ಐರೋಪ್ಯ ನ್ಯಾಯಾಲಯ, ಒಪ್ಪಂದ ಮುಗಿದ ಆಟಗಾರ ಹಣದ ಕಟ್ಟುಪಾಡಿಲ್ಲದೆ ಐರೋಪ್ಯ ಒಕ್ಕೂಟದೊಳಗೆ ಬೇರೆ ದೇಶದ ಕ್ಲಬ್ಬು ಸೇರಬಹುದು ಎಂದು ತೀರ್ಪಿತ್ತಿತು. ಇದು ನಿಜವಾದ ಬಿಡುಗಡೆಯೇ. ಆದರೆ ಆ ಬಿಡುಗಡೆಯ ಲಾಭ ಎಲ್ಲರಿಗೂ ಒಂದೇ ಸಮನಾಗಿ ಸಿಗಲಿಲ್ಲ. ನಾಲ್ಕು ಕ್ಲಬ್ಬು ಬಾಗಿಲಲ್ಲಿ ಕಾಯುತ್ತಿರುವ ತಾರೆಗೆ ಒಪ್ಪಂದ ಮುಗಿಯುವುದೆಂದರೆ ಚೌಕಾಶಿಯ ಬಲ. ಮೂರನೇ ದರ್ಜೆಯ ಸ್ಟ್ರೈಕರ್‌ಗೆ ಅದೇ ದಿನ ನಿರುದ್ಯೋಗದ ಮೊದಲ ದಿನ. ಹಳೆಯ ಪದ್ಧತಿ ಅವನನ್ನು ಹೋಗಗೊಡಲಿಲ್ಲ, ಹೊಸದು ನಿಲ್ಲಗೊಡಲಿಲ್ಲ. ಎರಡರಲ್ಲೂ ನಿರ್ಧಾರ ಬೇರೆಯವರದೇ.

ಕೊಂಡುಕೊಂಡ ಮೇಲೂ ಆಟಗಾರ ನೆಲೆ ನಿಲ್ಲದಿರುವುದಕ್ಕೆ ಉರುಗ್ವೆಯ ಸೆಬಾಸ್ಟಿಯನ್ ಅಬ್ರೆಯು ಅವರ ಬದುಕು ದೊಡ್ಡ ಉದಾಹರಣೆ. 1998ರಲ್ಲಿ ಸ್ಪೇನ್‌ನ ಡೆಪೊರ್ಟಿವೊ ಲಾ ಕೊರುನಾ ಅವರನ್ನು ಅರ್ಜೆಂಟೀನಾದ ಸಾನ್ ಲೊರೆಂಜೊದಿಂದ ತಂದಿತು. ತಂದದ್ದೇನೋ ಸರಿ, ಆಡಿಸಿದ್ದು ಕೆಲವೇ ಪಂದ್ಯ. ಮುಂದಿನ ವರ್ಷಗಳಲ್ಲಿ ಎರವಲಾಗಿ ಬ್ರೆಜಿಲ್, ಮೆಕ್ಸಿಕೊ, ಅರ್ಜೆಂಟೀನಾ, ಉರುಗ್ವೆಗಳಿಗೆ ಕಳಿಸಿತು. 2000ರಲ್ಲಿ ಡೆಪೊರ್ಟಿವೊ ತನ್ನ ಇತಿಹಾಸದ ಏಕೈಕ ಸ್ಪೇನ್ ಲೀಗ್ ಪ್ರಶಸ್ತಿ ಗೆದ್ದಾಗ, ಅದರ ಒಡೆತನದಲ್ಲಿದ್ದ ಅಬ್ರೆಯು ಅಟ್ಲಾಂಟಿಕ್ ಸಾಗರದ ಆಚೆ ಆಡುತ್ತಿದ್ದರು. ಮುಂದೆ ಇಸ್ರೇಲ್, ಗ್ರೀಸ್, ಈಕ್ವೆಡಾರ್, ಪರಾಗ್ವೆ, ಎಲ್ ಸಾಲ್ವಡಾರ್, ಚಿಲಿ. 2017ರ ಕೊನೆಗೆ ಚಿಲಿಯ ಔಡಾಕ್ಸ್ ಇಟಾಲಿಯಾನೊ ಸೇರಿದಾಗ ಅದು 26ನೇ ಕ್ಲಬ್ಬು. ಗಿನ್ನೆಸ್ ದಾಖಲೆಗೆ ಹೆಸರು ಸೇರಿತು. 2021ರಲ್ಲಿ, 44ನೇ ವಯಸ್ಸಿನಲ್ಲಿ ನಿವೃತ್ತರಾಗುವ ಹೊತ್ತಿಗೆ ಕ್ಲಬ್ಬುಗಳ ಸಂಖ್ಯೆ 30 ದಾಟಿತ್ತು.

ಈ ಪಟ್ಟಿ ನೋಡಿ ನಗುವವರು ಅದರೊಳಗೆ ಮತ್ತೆ ಮತ್ತೆ ಬರುವ ಒಂದು ಹೆಸರನ್ನು ಗಮನಿಸುವುದಿಲ್ಲ: ಮೊಂಟೆವಿಡಿಯೊದ ನಾಸಿಯೊನಾಲ್. ಅಬ್ರೆಯು ಎಳವೆಯಿಂದಲೇ ಆ ಕ್ಲಬ್ಬಿನ ಅಭಿಮಾನಿ. ಎಲ್ಲಿಗೆ ಹೋದರೂ, ಸಾಧ್ಯವಾದಾಗಲೆಲ್ಲ ಅಲ್ಲಿಗೆ ಮರಳಿ ಆಡಿದರು. ಮೂವತ್ತು ಕ್ಲಬ್ಬಿನ ಅಲೆಮಾರಿಯ ಎದೆಯಲ್ಲಿ ಒಂದೇ ಕ್ಲಬ್ಬು ಇರಬಹುದು ಎಂಬುದನ್ನು ನಮ್ಮ ನಿಷ್ಠೆಯ ಅಳತೆಗೋಲು ಹಿಡಿಯಲಾರದು, ಏಕೆಂದರೆ ಅದು ಎಣಿಸುವುದು ಸಂಬಳದ ಚೀಟಿಗಳನ್ನು.

ಅಲೆದಾಟ ಏನನ್ನು ಕಲಿಸುತ್ತದೆ ಎಂಬುದಕ್ಕೂ ಅಬ್ರೆಯು ಸಾಕ್ಷಿ. 2010ರ ಜುಲೈ 2, ಜೊಹಾನ್ಸ್‌ಬರ್ಗ್, ವಿಶ್ವಕಪ್ ಕ್ವಾರ್ಟರ್ ಫೈನಲ್. ಕೊನೆಯ ಕ್ಷಣದಲ್ಲಿ ಗೋಲುಗೆರೆಯ ಮೇಲೆ ಉರುಗ್ವೆಯ ಲೂಯಿಸ್ ಸುವಾರೆಜ್ ಕೈಯಿಂದ ಚೆಂಡು ತಡೆದರು, ಘಾನಾದ ಅಸಮೊವಾ ಗ್ಯಾನ್ ಪೆನಾಲ್ಟಿಯನ್ನು ಅಡ್ಡಪಟ್ಟಿಗೆ ಹೊಡೆದರು, ಪಂದ್ಯ ಪೆನಾಲ್ಟಿ ಶೂಟೌಟಿಗೆ ಹೋಯಿತು. ಉರುಗ್ವೆಯ ಐದನೇ ಒದೆತ ಅಬ್ರೆಯು ಅವರದು. ಅವರು ಆ ದಿನ ಬದಲಿ ಆಟಗಾರನಾಗಿ ಇಳಿದಿದ್ದವರು. ಓಡಿ ಬಂದು, ಚೆಂಡಿನ ಬುಡಕ್ಕೆ ಮೆಲ್ಲಗೆ ಕಾಲು ತಾಕಿಸಿ, ಗೋಲ್‌ಕೀಪರ್ ಒಂದು ಪಕ್ಕಕ್ಕೆ ಹಾರುತ್ತಿದ್ದಂತೆ ನಡುವಿನಲ್ಲಿ ತೇಲಿಸಿಬಿಟ್ಟರು. 1976ರಲ್ಲಿ ಚೆಕೊಸ್ಲೊವಾಕಿಯಾದ ಪನೆಂಕಾ ತೋರಿಸಿದ ವರಸೆ. ತಪ್ಪಿದರೆ ದೇಶವೇ ಕ್ಷಮಿಸದಂಥದ್ದು. ಜನ ಅದನ್ನು ಹುಚ್ಚುಧೈರ್ಯ ಎಂದರು. ಅಬ್ರೆಯು ಅವರ ಅಡ್ಡಹೆಸರೇ ‘ಹುಚ್ಚ’. ಆದರೆ ಕೆಲವೇ ತಿಂಗಳ ಹಿಂದೆ ಬ್ರೆಜಿಲ್‌ನ ರಿಯೊ ರಾಜ್ಯದ ಚಾಂಪಿಯನ್‌ಶಿಪ್‌ನಲ್ಲಿ ಬೊಟಾಫೊಗೊ ಪರ, ಬದ್ಧವೈರಿ ಫ್ಲಮೆಂಗೊ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಅವರು ಇದೇ ಒದೆತ ಹೊಡೆದಿದ್ದರು. ಹತ್ತಾರು ಕ್ರೀಡಾಂಗಣಗಳಲ್ಲಿ ಅಪರಿಚಿತನಾಗಿ ನಿಂತು, ಪ್ರತಿ ಸಲವೂ ಮೊದಲಿನಿಂದ ತನ್ನನ್ನು ಸಾಬೀತುಪಡಿಸಬೇಕಾದವನಿಗೆ ಬರುವ ಒಂದು ಬಗೆಯ ನಿರಾಳ ಆ ಒದೆತದಲ್ಲಿ ನನಗೆ ಕಾಣುತ್ತದೆ. ಗ್ಯಾಲರಿಯ ಸಿಟ್ಟು ಅವನಿಗೆ ಹೊಸದಲ್ಲ. ಅದರೊಡನೆ ಬದುಕುವುದೇ ಅವನ ಕಸುಬು.

ನಮ್ಮ ಕರಾವಳಿಯವರಿಗೆ ಹೀಗೆ ಅಲೆಯುವ ಬಾಳು ಅಪರಿಚಿತವಲ್ಲ. ಪತ್ತನಾಜೆಯ ದಿನ ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲೆ, ಮುಂದಿನ ತಿರುಗಾಟಕ್ಕೆ ಯಾವ ವೇಷಧಾರಿ ಯಾವ ಮೇಳಕ್ಕೆ ಎಂಬ ಮಾತು ನಡೆಯುತ್ತದೆ. ಮೇಳ ಬದಲಿಸಿದ ಕಲಾವಿದನನ್ನು ಯಾರೂ ದ್ರೋಹಿ ಎನ್ನುವುದಿಲ್ಲ. ಈ ವರ್ಷದ ಕರ್ಣ ಹೇಗಾಯಿತು ಎಂದು ಕೇಳುತ್ತಾರೆ. ಅವನ ನಿಷ್ಠೆ ವೇಷಕ್ಕೆ, ತಾಳಕ್ಕೆ, ಅರ್ಥಗಾರಿಕೆಗೆ ಎಂಬ ತಿಳಿವಳಿಕೆ ಆ ಪ್ರೇಕ್ಷಕರಲ್ಲಿದೆ. ಫುಟ್‌ಬಾಲ್ ಪ್ರೇಕ್ಷಕರಿಗೆ ಈ ತಿಳಿವಳಿಕೆ ಕಷ್ಟವಾಗಲು ಕಾರಣವೂ ಇದೆ.

ಆ ಕಾರಣವನ್ನು ಹಗುರಾಗಿ ಕಾಣಬಾರದು. ಕ್ಲಬ್ಬು ಅಭಿಮಾನಿಗೆ ಮನರಂಜನೆಯಷ್ಟೇ ಅಲ್ಲ. ಅಪ್ಪ, ಅಜ್ಜ ನಿಂತು ನೋಡಿದ ಜಾಗ, ಊರಿನ ಹೆಸರು. ಆಟಗಾರ, ಕೋಚ್, ಮಾಲೀಕ ಎಲ್ಲರೂ ಬದಲಾದರೂ ತಾನು ಬದಲಾಗಲಾರ ಎಂಬುದೇ ಅಭಿಮಾನಿಯ ಹೆಮ್ಮೆ, ಅದೇ ಅವನ ನೋವು. ಅಂಥವನಿಗೆ ಬರುವವನೂ ಒಂದಿಷ್ಟು ತನ್ನಂತೆಯೇ ಇರಲಿ ಎಂಬ ಆಸೆ ಸಹಜ. ಇನ್ನು ದುಡ್ಡಿಗಾಗಿಯೇ, ಒಪ್ಪಂದದ ನಡುವೆ ಮುನಿಸು ತೋರಿ, ಅಭ್ಯಾಸ ತಪ್ಪಿಸಿ ಹೊರಬೀಳುವ ಆಟಗಾರರೂ ಇದ್ದಾರೆ. ಅವರ ಬಗ್ಗೆ ಸಿಟ್ಟು ಬರುವುದು ತಪ್ಪಲ್ಲ. ಆದರೆ ಹಾಗೆ ಹಟ ಹಿಡಿದು ಹೋಗುವ ಶಕ್ತಿ ಇರುವುದು ಎಲ್ಲರಿಗೂ ಬೇಕಾದ ತಾರೆಗೆ. ವರ್ಷಕ್ಕೊಂದು ಊರು ಸುತ್ತುವ ಕೆಳದರ್ಜೆಯ ಸ್ಟ್ರೈಕರ್ ಮುನಿಸಿಕೊಂಡರೆ ಅವನ ಜಾಗಕ್ಕೆ ಮರುದಿನ ಇನ್ನೊಬ್ಬ ಬರುತ್ತಾನೆ. ಅಭಿಮಾನಿಯ ಸಿಟ್ಟು ನ್ಯಾಯವಾದದ್ದೇ. ವಿಳಾಸ ಮಾತ್ರ ತಪ್ಪು. ಅದು ಮುಟ್ಟಬೇಕಾದದ್ದು ಕ್ಲಬ್ಬಿನ ಕಚೇರಿಗೆ.

ನೆಲೆ ಸಿಕ್ಕರೆ ಆಟಗಾರ ನಿಲ್ಲುತ್ತಾನೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. ಸುನಿಲ್ ಛೆಟ್ರಿ ಎಂದರೆ ಇಂದು ಬೆಂಗಳೂರು ಎಫ್‌ಸಿ. ಕಂಠೀರವ ಕ್ರೀಡಾಂಗಣದ ಹುಡುಗರಿಗೆ ಆ ಎರಡು ಹೆಸರು ಬೇರೆ ಬೇರೆಯಲ್ಲ. ಆದರೆ 2013ರಲ್ಲಿ ಇಲ್ಲಿಗೆ ಬರುವ ಮೊದಲಿನ ಹನ್ನೊಂದು ವರ್ಷಗಳ ಅವರ ದಾರಿ ನೋಡಿ: ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕಾನ್ಸಾಸ್ ಸಿಟಿ, ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಾಗಾನ್, ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡ, ಅಲ್ಲಿಂದ ಎರವಲಾಗಿ ಚರ್ಚಿಲ್ ಬ್ರದರ್ಸ್. ಆಗ ಅವರ ಬಾಳನ್ನು ಬರೆದಿದ್ದರೆ ಅಲೆಮಾರಿ ಸ್ಟ್ರೈಕರ್ ಎಂದೇ ಬರೆಯಬೇಕಿತ್ತು. ಭಾರತದಲ್ಲಿ ಇನ್ನೊಂದು ವಿಶೇಷವೂ ಇತ್ತು: ಇಲ್ಲಿ ಕ್ಲಬ್ಬುಗಳೇ ಮಾಯವಾಗುತ್ತಿದ್ದವು. ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು. ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ಜೆಸಿಟಿ 2011ರಲ್ಲಿ. ಕ್ಲಬ್ಬೇ ಉಳಿಯದ ಕಡೆ ಆಟಗಾರ ಯಾವುದಕ್ಕೆ ನಿಷ್ಠನಾಗಿರಬೇಕು? ಗಟ್ಟಿ ಹಣಕಾಸು, ಅಚ್ಚುಕಟ್ಟಾದ ಅಭ್ಯಾಸ, ತನ್ನ ಸುತ್ತ ಕಟ್ಟಿದ ತಂಡ ಸಿಕ್ಕ ಮೇಲೆ, 29ರ ಹರೆಯದಲ್ಲಿ ಛೆಟ್ರಿ ನಿಂತರು. ಮುಂಬೈ ಸಿಟಿ ಪರ ಆಡಿದ ಸಣ್ಣ ಅವಧಿ ಬಿಟ್ಟರೆ ಮುಂದಿನದೆಲ್ಲ ಬೆಂಗಳೂರಿನದು.

ಅದಕ್ಕೂ ಹಿಂದಿನ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ಮುಂತಾದ ಕಾರ್ಖಾನೆಗಳ ತಂಡಗಳಿದ್ದವು. ಆಟಗಾರನಿಗೆ ಅಲ್ಲಿ ಸಿಗುತ್ತಿದ್ದುದು ಕಾಯಂ ನೌಕರಿ. ಕಾಲು ಸೋತ ಮೇಲೂ ಸಂಬಳ, ವಸತಿ, ಪಿಂಚಣಿ. ಅಂಥ ತಂಡದ ಸ್ಟ್ರೈಕರ್ ಹತ್ತು ಹದಿನೈದು ವರ್ಷ ಒಂದೇ ಕಡೆ ಆಡುತ್ತಿದ್ದುದು ಆಶ್ಚರ್ಯವೇನಲ್ಲ. ಆ ಪದ್ಧತಿಗೆ ಅದರದೇ ಮಿತಿಗಳಿದ್ದವು, ಆಟದ ಮಟ್ಟ ಏರಲು ಅದು ಸಾಲಲಿಲ್ಲ ಎಂಬುದನ್ನೂ ಒಪ್ಪೋಣ. ಆದರೂ ಅದು ಒಂದು ಸತ್ಯವನ್ನು ತೋರಿಸಿತು: ಭದ್ರತೆ ಇದ್ದಲ್ಲಿ ನಿಷ್ಠೆ ತಾನಾಗಿ ಬರುತ್ತದೆ. ಅದನ್ನು ಉಪದೇಶದಿಂದ ತರಲಾಗದು.

ಹಾಗಾದರೆ ಮಾಡಬೇಕಾದದ್ದೇನು? ನಿಯಮಗಳ ಮಟ್ಟದಲ್ಲಿ ಒಂದಿಷ್ಟು ನಡೆದಿದೆ. ಶ್ರೀಮಂತ ಕ್ಲಬ್ಬುಗಳು ಡಜನ್‌ಗಟ್ಟಲೆ ಆಟಗಾರರನ್ನು ಕೊಂಡು ಎರವಲು ಕೊಡುತ್ತಾ ವ್ಯಾಪಾರ ಮಾಡುವುದನ್ನು ತಡೆಯಲು ಫಿಫಾ 2022ರಿಂದ ಅಂತರರಾಷ್ಟ್ರೀಯ ಎರವಲುಗಳಿಗೆ ಮಿತಿ ಹಾಕಿತು. ಒಂದು ಕ್ಲಬ್ಬಿಗೆ ಎಂಟು ಆಟಗಾರರಿಂದ ಆರಂಭಿಸಿ ಆರಕ್ಕೆ ಇಳಿಸಿತು. ಇದು ಸರಿಯಾದ ದಿಕ್ಕು, ಆದರೆ ಮೇಲಂತಸ್ತಿನ ರಿಪೇರಿ. ಕೆಳದರ್ಜೆಯವನಿಗೆ ಬೇಕಾದದ್ದು ಬೇರೆ. ಒಪ್ಪಂದ ಮುಂದುವರಿಸುವ ಆಯ್ಕೆ ಕ್ಲಬ್ಬಿಗಿದ್ದರೆ ಆಟಗಾರನಿಗೂ ಇರಲಿ. ಬಿಡುವ ಪಟ್ಟಿ ಮೇ ತಿಂಗಳಲ್ಲಲ್ಲ, ಇನ್ನೂ ಎರಡು ಮೂರು ತಿಂಗಳು ಮೊದಲೇ ಆಟಗಾರನಿಗೆ ತಿಳಿಯಲಿ. ಗಾಯಗೊಂಡವನ ಚಿಕಿತ್ಸೆ ಒಪ್ಪಂದದ ಕೊನೆಯ ದಿನಕ್ಕೆ ನಿಲ್ಲದಿರಲಿ. ಇವು ಕ್ರಾಂತಿಕಾರಿ ಬೇಡಿಕೆಗಳಲ್ಲ. ಇತರ ಉದ್ಯೋಗಗಳಲ್ಲಿ ಸಾಮಾನ್ಯ ಸೌಜನ್ಯ ಎನಿಸಿಕೊಳ್ಳುವಂಥವು. ಇದಕ್ಕೆ ಹಣವೆಲ್ಲಿದೆ ಎಂದು ಸಣ್ಣ ಕ್ಲಬ್ಬುಗಳು ಕೇಳುತ್ತವೆ. ಲೀಗಿನ ಪ್ರಸಾರದ ಆದಾಯದ ಬಹುಪಾಲು ಮೇಲಿನ ಇಪ್ಪತ್ತು ಕ್ಲಬ್ಬುಗಳ ಕೈಯಲ್ಲೇ ಶೇಖರವಾಗುತ್ತಿರುವ ಇಂಗ್ಲೆಂಡಿನಲ್ಲಿ ಅದು ಹಣದ ಕೊರತೆಯ ಪ್ರಶ್ನೆಯಲ್ಲ, ಹಂಚಿಕೆಯ ಪ್ರಶ್ನೆ.

ನೋಡುವವರಾದ ನಮ್ಮ ಪಾಲಿನ ಕೆಲಸವೂ ಇದೆ. ಒಬ್ಬ ಸ್ಟ್ರೈಕರ್‌ನ ಬಾಳಿನ ಪಟ್ಟಿಯನ್ನು ಓದುವಾಗ ಕ್ಲಬ್ಬುಗಳನ್ನು ಎಣಿಸುವ ಮುನ್ನ ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ಪ್ರತಿ ಸಲ ಹೊರಟದ್ದು ಯಾರ ನಿರ್ಧಾರದಿಂದ? ಅವನಿದ್ದಾಗ ಎಷ್ಟು ಕೋಚ್‌ಗಳು ಬದಲಾದರು? ಅವನನ್ನು ಅವನ ಜಾಗದಲ್ಲಿ ಆಡಿಸಿದರೇ? ಹೋದ ಕಡೆಯಲ್ಲೆಲ್ಲ ಕೆಲಸ ಮಾಡಿಕೊಟ್ಟನೇ? ಹೀಗೆ ಓದಿದರೆ ಹತ್ತು ಕ್ಲಬ್ಬುಗಳ ಪಟ್ಟಿ ಚಂಚಲತೆಯ ದಾಖಲೆಯಾಗಿ ಉಳಿಯುವುದಿಲ್ಲ. ಹತ್ತು ಸಲ ಯಾರೋ ಕೈಬಿಟ್ಟ ಮೇಲೂ ಹತ್ತು ಸಲ ಇನ್ನಾರೋ ‘ನೀನು ಬೇಕು’ ಎಂದು ಕರೆದ ದಾಖಲೆಯಾಗುತ್ತದೆ. ವೃತ್ತಿಪರ ಆಟದಲ್ಲಿ ಒಂದು ಸಲ ಕರೆಸಿಕೊಳ್ಳುವುದೇ ಕಷ್ಟ. ಹತ್ತು ಸಲ ಕರೆಸಿಕೊಳ್ಳಬೇಕಾದರೆ ಕಸುಬು ಗಟ್ಟಿಯಿರಲೇಬೇಕು. ಕ್ಲಬ್ಬುಗಳು ತಮ್ಮ ಆಟಗಾರರಿಗೆ ಎಷ್ಟು ನಿಷ್ಠವಾಗಿದ್ದವು ಎಂಬ ಲೆಕ್ಕವನ್ನೂ ಇದೇ ಪಟ್ಟಿಯಿಂದ ತೆಗೆಯಬಹುದು. ಆ ಲೆಕ್ಕ ಕೇಳುವ ಅಭ್ಯಾಸವನ್ನು ಅಭಿಮಾನಿಗಳು ಬೆಳೆಸಿಕೊಂಡ ದಿನ, ಅಲೆಮಾರಿಗಳ ಸಂಖ್ಯೆಯೂ ಕಡಿಮೆಯಾಗಲು ಶುರುವಾಗುತ್ತದೆ.